ಮನೆವಾರ್ತೆ: ಪೊಟ್ಟಣದ ಬೆನ್ನು

ಸಣ್ಣ ಅಕ್ಷರದ ಸುತ್ತೋಲೆಗಳನ್ನು ಓದಿ ಅರ್ಥ ಹೇಳುವುದಕ್ಕೆಂದೇ ಸರಕಾರ ನಮಗೆ ಸಂಬಳ ಕೊಡುತ್ತದೆ. ಅಂಥ ನಾವು ಮನೆಗೆ ತರುವ ತಿಂಡಿಯ ಪೊಟ್ಟಣವನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲವೆಂದರೆ ವಾಚಕರು ನಕ್ಕಾರು.

ಧಾರವಾಡದಿಂದ ಪುಣೆಗೆ ಬಂದ ನಮ್ಮ ಅವ್ವನಿಗೆ ರಕ್ತದೊತ್ತಡ. ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ ಮೇಲೆ ಮನೆಯಾಕೆ ಸಾರಿಗೂ ಅಳೆದು ಉಪ್ಪು ಹಾಕತೊಡಗಿದಳು. ಒತ್ತಡ ಮಾತ್ರ ಇಳಿಯಲಿಲ್ಲ. ಒಂದು ಸಂಜೆ ಅವ್ವ, ನಾವೇ ತಂದಿದ್ದ ಅವಲಕ್ಕಿ ಚೂಡಾದ ಪೊಟ್ಟಣ ಹಿಡಿದು, "ಇದರಾಗ ಏನೇನ್ ಹಾಕ್ಯಾರ, ಓದಿ ಹೇಳಪಾ" ಎಂದಳು. ಆಕೆ ಓದಬಲ್ಲುದು ಕನ್ನಡವೊಂದೇ. ಪೊಟ್ಟಣದ ಮೇಲೆ ಇಂಗ್ಲಿಷು ಇಲ್ಲವೆ ಹಿಂದಿ ಇದ್ದರೆ ಸಾಕೆನ್ನುತ್ತದೆ ಕಾನೂನು.

ಓದಿದೆವು. 100 ಗ್ರಾಮಿಗೆ ಸೋಡಿಯಂ 800 ಮಿಲಿಗ್ರಾಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಅಂದರೆ 2 ಗ್ರಾಂ. ದಿನವಿಡೀ ತಿನ್ನುವ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಸಲಕ್ಕೆ 30 ಗ್ರಾಂ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಅವ್ವನೋ, 200 ಗ್ರಾಮಿನ ಪೊಟ್ಟಣವನ್ನು ಎರಡು ಸಂಜೆಗೆ ಮುಗಿಸುತ್ತಿದ್ದಳು. ಮನೆಯಾಕೆ ಸಾರಿನಲ್ಲಿ ಉಳಿಸಿದ ಉಪ್ಪನ್ನು ನಾವು ಕೈಚೀಲದಲ್ಲಿ ಹೊತ್ತು ತರುತ್ತಿದ್ದೆವು!

ಅಂದಿನಿಂದ ಅಂಗಡಿಯಲ್ಲೇ ಪೊಟ್ಟಣ ತಿರುಗಿಸುತ್ತೇವೆ. ನೋಡಬೇಕಾದದ್ದು ಬಹಳವಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮುಂದೆ ರಾಗಿ ತೆನೆಯ ಚಿತ್ರವಿದ್ದು, ಹಿಂದೆ ಪಟ್ಟಿ ಮೈದಾದಿಂದ ಆರಂಭವಾದರೆ, ನಾವು ಕೊಳ್ಳುತ್ತಿರುವುದು ಬಹುಪಾಲು ಮೈದಾವನ್ನೇ. ಹಸಿರು ಚುಕ್ಕೆಯನ್ನು ಕಂಡು ಆರೋಗ್ಯಕ್ಕೆ ಹಿತವೆಂದು ತಿಳಿಯುವವರುಂಟು. ಅದು ಹೇಳುವುದು ಸಸ್ಯಾಹಾರವೆಂದಷ್ಟೆ. ಪೋಷಕಾಂಶದ ಅಂಕಿ ನೂರು ಗ್ರಾಮಿಗೋ, ಒಂದು ಸಲಕ್ಕೋ ಎಂಬುದನ್ನು ನೋಡಿಕೊಂಡು, ನಾವು ನಿಜವಾಗಿ ತಿನ್ನುವಷ್ಟಕ್ಕೆ ಲೆಕ್ಕ ಹಾಕಬೇಕು.

ಒತ್ತಡಕ್ಕೆ ಕಾರಣಗಳು ಹಲವಿರಬಹುದು. ಇದೊಂದಂತೂ ನಮ್ಮ ಕೈಯಿಂದಲೇ ಆದದ್ದು. ಈಗ ಮನೆಯಾಕೆ ಅವಲಕ್ಕಿಯನ್ನು ಮನೆಯಲ್ಲೇ ಹುರಿದು, ಉಪ್ಪು ಹಿಡಿದು ಒಗ್ಗರಣೆ ಕೊಡುತ್ತಾಳೆ. ಹೊಸ ಪೊಟ್ಟಣವೇನಾದರೂ ಬಂದರೆ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ಮಗಳದು. ಪರಊರಿನಲ್ಲಿ ನಮ್ಮನ್ನು ನಂಬಿಕೊಂಡು ಬಂದಿರುವ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಅವರು ಕೇಳುವವರೆಗೆ ಕಾಯದೆ ಓದಿ ಹೇಳಿರಿ.