ಮುಯ್ಯಿ ಬಯಸದ ದಯೆ

ಕ್ರೈಸ್ತರ ಬದುಕಿನಲ್ಲಿ ದಯೆಗೆ ಎಷ್ಟು ಬೆಲೆಯಿದೆ ಎಂದು ತಿಳಿಯಲು ಕ್ರಿಸ್‌ಮಸ್ ದಿನ ಹಂಚುವ ಕೇಕು, ಕಂಬಳಿಗಳ ಲೆಕ್ಕ ಸಾಲದು. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ಇಟ್ಟ ಅಳತೆ ಕಠಿಣವಾದದ್ದು: ಔತಣಕ್ಕೆ ನೆಂಟರನ್ನೂ ಉಳ್ಳವರನ್ನೂ ಬಿಟ್ಟು, ತಿರುಗಿ ಕರೆಯುವ ತ್ರಾಣವಿಲ್ಲದವರನ್ನು ಕರೆಯಿರಿ ಎನ್ನುತ್ತಾನೆ ಆತ. ಮದುವೆ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತೀರಿಸುವ ನಮ್ಮ ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಗೆ ಈ ಮಾತಿನ ಬಿಸಿ ಬೇಗ ತಟ್ಟಬೇಕು.

ಈ ಅಳತೆಗೆ ನಿಲ್ಲುವ ಕೆಲಸ ನಮ್ಮ ಸುತ್ತಲೇ ಇದೆ. ಹೆಬ್ಬಾಳದಲ್ಲಿ 1973ರಲ್ಲಿ ಶುರುವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯ ಆರೈಕೆ ತಂಡಗಳು ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಹಳ್ಳಿಗಳಿಗೂ ಹೋಗುತ್ತವೆ. ವಾಸಿಯಾಗದ ಕ್ಯಾನ್ಸರ್ ರೋಗಿಯ ಮನೆಯಲ್ಲಿ ಇಂಥ ಆರೈಕೆಯೆಂದರೆ ಏನೆಂದು ಒಮ್ಮೆ ಯೋಚಿಸಿ. ವಾಸನೆ ಹೊಡೆಯುವ ಹುಣ್ಣನ್ನು ತೊಳೆದು ಪಟ್ಟಿ ಕಟ್ಟಬೇಕು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ಕಲಿಸಬೇಕು. ನೋವು ತಡೆಯುವ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕೆಂದು, ಅದು ಚಟ ಹಿಡಿಸುತ್ತದೆಂದು ಹೆದರುವ ಮನೆಯವರಿಗೆ ತಿಳಿಹೇಳಬೇಕು. ಮುಂದಿನ ವಾರ ಮತ್ತೆ ಅದೇ ಬಾಗಿಲಿಗೆ ಹೋಗಬೇಕು. ಮರುಕ ಯಾರಿಗಾದರೂ ಒಂದು ಗಳಿಗೆ ಬಂದೀತು. ಮತ್ತೆ ಮತ್ತೆ ಹೋಗುವುದಕ್ಕೆ ಶಿಸ್ತು ಬೇಕು, ಸಂಬಳ ಬೇಕು, ವಾಹನ ಬೇಕು. ದಯೆಯನ್ನು ಸ್ವಭಾವದ ಮೃದುತ್ವವೆಂದಷ್ಟೇ ತಿಳಿದವರು ಈ ದುಡಿಮೆಯನ್ನು ಕಾಣುವುದೇ ಇಲ್ಲ.

ಇದೆಲ್ಲ ಮತಾಂತರದ ಗಾಳ ಎನ್ನುವವರಿದ್ದಾರೆ. ಆ ಅನುಮಾನ ಕಾನೂನಿನೊಳಗೂ ಬಂದಿದೆ: ಮತಾಂತರ ಕುರಿತ ರಾಜ್ಯದ 2022ರ ಕಾಯ್ದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಆಮಿಷ ಒಡ್ಡುವ ಬೋಧಕರು ಒಬ್ಬರೂ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಅಕ್ಕಿಗೆ ಪ್ರತಿಯಾಗಿ ನಂಬಿಕೆ ಕೇಳುವವನು ಮೊದಲು ಮುರಿಯುವುದು ಯೇಸುವಿನ ಮಾತನ್ನೇ. ಅವನು ಬಯಸಿದ್ದೂ ಮುಯ್ಯಿಯೇ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕ್ರೈಸ್ತ ಸ್ವಯಂಸೇವಕರು, ಮನೆಯವರೇ ಹತ್ತಿರ ಬರಲು ಅಂಜಿದ ಶವಗಳನ್ನು ಅವರವರ ಧರ್ಮದಂತೆ ಮಣ್ಣು ಮಾಡಿದರು, ಚಿತೆಗೆ ಒಯ್ದರು. ಸತ್ತವರಿಂದ ಯಾವ ಮತಕ್ಕೆ ಏನು ಲಾಭ?

ನನಗೆ ಹೆಚ್ಚು ತೂಕದ್ದಾಗಿ ಕಾಣುವ ಆಕ್ಷೇಪ ಬೇರೆ. ಹೊರಗಿನವರಿಗೆ ದಯೆ ತೋರುವ ಕ್ರೈಸ್ತ ಸಭೆ ಒಳಗೆ ಹೇಗಿದೆ? ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿಯೇ 2016ರಲ್ಲಿ ದಲಿತ ಸಬಲೀಕರಣ ನೀತಿ ಹೊರಡಿಸಿ, ಚರ್ಚಿನೊಳಗೆ ಜಾತಿ ತಾರತಮ್ಯ ಇದೆಯೆಂದು ಒಪ್ಪಿಕೊಂಡಿತು. ದಯೆಯ ಹೆಸರಲ್ಲಿ ನ್ಯಾಯವನ್ನು ಮುಂದೂಡುವುದು ಸುಲಭ. ಕಂಬಳಿ ಕೊಟ್ಟ ಕೈ ಆಡಳಿತ ಸಮಿತಿಯಲ್ಲಿ ಜಾಗ ಕೊಡದಿರಬಹುದು. ಹಾಗೆಂದು ದಯೆಯನ್ನೇ ಬದಿಗಿಡಿ ಎಂದರೆ ನೋವಿನಲ್ಲಿ ಮಲಗಿದವರು ಸುಧಾರಣೆ ಮುಗಿಯುವವರೆಗೆ ಕಾಯಲಾರರು. ನಮ್ಮ ಜಿಲ್ಲೆಯ ಪ್ರತಿ ಸಭೆಯೂ ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಎತ್ತಿಟ್ಟು, ತನ್ನವರಲ್ಲಿ ಇಬ್ಬರಿಗಾದರೂ ಮನೆ ಆರೈಕೆಯ ತರಬೇತಿ ಕೊಡಿಸಲಿ. ಅವರು ಮೊದಲು ಹೋಗಬೇಕಾದ ಮನೆ ತಮ್ಮ ಜಾತಿಯದೂ, ತಮ್ಮ ಧರ್ಮದ್ದೂ ಆಗಿರಬೇಕಿಲ್ಲ.