ಅಂಗಡಿ ಕಳವಿನ ಆರೋಪ: ಓದಲು ಬಾರದ ಕಾಗದಕ್ಕೆ ಸಹಿ ಬೇಡ



ಜತ್ತ, ಕಾಗವಾಡ, ಅಥಣಿ ಕಡೆಯ ನಮ್ಮವರು ಆಸ್ಪತ್ರೆಗೆಂದು ಮಿರಜಕ್ಕೆ, ಮದುವೆ ಜವಳಿಗೆಂದು ಸಾಂಗ್ಲಿಗೆ ಬರುವುದು ಹೊಸತಲ್ಲ. ಗದ್ದಲದ ಅಂಗಡಿಯಲ್ಲಿ ಬಿಲ್ ಆಗದ ಒಂದು ವಸ್ತು ಚೀಲದಲ್ಲಿ ಸಿಕ್ಕರೆ ಕಳವಿನ ಮಾತು ಏಳುತ್ತದೆ. ಮರಾಠಿ ಓದಲು ಬಾರದವರ ಮುಂದೆ ಕಾಗದ ಇಟ್ಟು 'ಸಹಿ ಮಾಡಿ ಹೋಗಿ' ಎಂದರೆ, ಮಾನಕ್ಕೆ ಅಂಜಿ ಸಹಿ ಮಾಡುವವರೇ ಹೆಚ್ಚು. ನಮ್ಮ ಚಿಂತೆ ಇದೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ ಕಳವಿಗೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ಅಪರಾಧಿ ವಸ್ತುವನ್ನೋ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಹಗುರವೆಂದು ತಿಳಿಯಬೇಡಿ. ಅದೂ ಶಿಕ್ಷೆಯೇ. ಎರಡನೇ ಸಲ ಶಿಕ್ಷೆಯಾದರೆ 1ರಿಂದ 5 ವರ್ಷ ಕಠಿಣ ಸಜೆ. ಸರಕು ಇಡುವ ಕಟ್ಟಡದಲ್ಲಿನ ಕಳವೆಂದು 305ನೇ ಕಲಮು ಹಚ್ಚಿದರೆ 7 ವರ್ಷದವರೆಗೂ ಹೋಗಬಹುದು.

ಬಿಲ್ ಮಾಡಿಸಲು ಮರೆತದ್ದು ಕಳವಲ್ಲ. ಕದಿಯುವ ಉದ್ದೇಶ ಇರಬೇಕು. ಆದರೆ 'ಕದ್ದಿದ್ದೇನೆ' ಎಂದು ಬರೆದುಕೊಟ್ಟ ಮೇಲೆ ಇದನ್ನು ವಾದಿಸುವುದು ಕಷ್ಟ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಅಂಗಡಿಯವರಿಗೆ ಬರೆದುಕೊಟ್ಟದ್ದು ಆಗಬಹುದು.

ಬಂಧನವಾದರೆ ಭಾಷೆಯ ವಿಷಯದಲ್ಲಿ ಕಾನೂನು ನಮ್ಮ ಪರವಾಗಿದೆ. 2025ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು ಹೇಳಿದೆ. ಆದ್ದರಿಂದ 'ಕನ್ನಡದಲ್ಲಿ ಕೊಡಿ' ಎಂದು ಕೇಳುವುದು ಉದ್ಧಟತನವಲ್ಲ, ಹಕ್ಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವಿಚಾರಣೆಯ ವೇಳೆ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. 18 ತುಂಬದ ಮಕ್ಕಳ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕು.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಾಂಗ್ಲಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಬಿಲ್ ಜೋಪಾನ ಮಾಡಿ. ಈ ನಂಬರನ್ನು ಇವತ್ತೇ ಮನೆಯವರ ಫೋನಿನಲ್ಲಿ ಹಾಕಿಡಿ. ಕನ್ನಡ ಬಲ್ಲ ವಕೀಲ ಸದಸ್ಯರು ಸಂಘಕ್ಕೆ ತಮ್ಮ ಹೆಸರು ತಿಳಿಸಿದರೆ, ಕಷ್ಟದಲ್ಲಿ ಸಿಕ್ಕವರಿಗೆ ನಮ್ಮ ಭಾಷೆಯ ಒಂದು ದನಿ ಸಿಕ್ಕೀತು.