ಸದ್ದಿಲ್ಲದೆ ನಡೆಯುವ ‘ಸ್ನೀಕ್’

ಮಕ್ಕಳೇ, ಈ ವಾರದ ಇಂಗ್ಲಿಷ್ ಪದ ‘ಸ್ನೀಕ್’. ಯಾರಿಗೂ ಕಾಣದಂತೆ, ಸದ್ದು ಮಾಡದೆ ಹೋಗುವುದು ಎಂದು ಅರ್ಥ. ಅಜ್ಜಿ ಮಧ್ಯಾಹ್ನ ಮಲಗಿದಾಗ ಶೇಂಗಾ ಉಂಡಿಯ ಡಬ್ಬಿಯ ಕಡೆಗೆ ಹೋಗುತ್ತೀರಲ್ಲ, ಆ ನಡಿಗೆಯೇ ಸ್ನೀಕ್!

ಕನ್ನಡದಲ್ಲಿ ಇದಕ್ಕೆ ಸಂದರ್ಭಕ್ಕೊಂದು ಮಾತಿದೆ. ಉಂಡಿಗಾಗಿ ಇಡುವುದು ಕಳ್ಳಹೆಜ್ಜೆ. ಕೆಲಸ ಹೇಳಿದಾಗ ಮೆಲ್ಲಗೆ ಜಾರಿಕೊಳ್ಳುತ್ತೇವೆ. ಇನ್ನು ಪಾಳಿಯ ನಡುವೆ ನುಸುಳುವವರನ್ನು ನಾನು ಬ್ಯಾಂಕಿನ ಕೌಂಟರಿನಿಂದ ದಿನಾ ನೋಡುತ್ತಿದ್ದೆ.

ಹಳೆಯ ಇಂಗ್ಲಿಷಿನಲ್ಲಿ ತೆವಳುವುದಕ್ಕೆ ‘ಸ್ನೀಕನ್’ ಎನ್ನುತ್ತಿದ್ದರು. ನಮ್ಮ ಪದ ಅದರ ಕುಡಿ ಇರಬಹುದೆಂದು ಭಾಷಾ ಪಂಡಿತರ ಊಹೆ. ಹಾವಿಗೆ ಇರುವ ‘ಸ್ನೇಕ್’ ಪದದ ಮೂಲಾರ್ಥವೂ ತೆವಳುವುದೇ. ಸಂಸ್ಕೃತದ ‘ಸರ್ಪ’ವೂ ಹಾಗೆಯೇ: ‘ಸೃಪ್’ ಎಂದರೆ ಹರಿದು ಸಾಗು. ವಿಜ್ಞಾನದ ಪಾಠದಲ್ಲಿ ಬರುವ ‘ಸರೀಸೃಪ’ದಲ್ಲಿಯೂ ಅದೇ ಧಾತು ಇದೆ, ಗಮನಿಸಿ.

ನೀವು ಹಾಕುವ ‘ಸ್ನೀಕರ್ಸ್’ ಬೂಟಿನ ಹೆಸರೂ ಇಲ್ಲಿಂದಲೇ ಬಂತು. 19ನೆಯ ಶತಮಾನದಲ್ಲಿ ಅಮೆರಿಕದವರು ಇಟ್ಟ ಹೆಸರದು. ರಬ್ಬರ್ ಅಟ್ಟೆಯಿಂದಾಗಿ ನಡೆದರೆ ಸಪ್ಪಳವಾಗುತ್ತಿರಲಿಲ್ಲ. ಭೂತಕಾಲಕ್ಕೆ ಅಮೆರಿಕದವರು ‘ಸ್ನಕ್’ ಎಂದೂ ಹೇಳುತ್ತಾರೆ. ನೀವು ಪರೀಕ್ಷೆಯಲ್ಲಿ ‘ಸ್ನೀಕ್ಡ್’ ಎಂದೇ ಬರೆಯಿರಿ.

ಇನ್ನೊಂದು ಅರ್ಥವಿದೆ. ಇಂಗ್ಲೆಂಡಿನ ಶಾಲಾಮಕ್ಕಳು ಚಾಡಿಕೋರನನ್ನು ‘ಸ್ನೀಕ್’ ಎಂದು ಹಂಗಿಸುತ್ತಾರೆ. ಈ ಅರ್ಥವನ್ನು ಸ್ವಲ್ಪ ಜೋಪಾನವಾಗಿ ಬಳಸಬೇಕು. ಗೆಳೆಯನನ್ನು ಬೈಸಲೆಂದೇ ಗುರುಗಳಿಗೆ ಹೇಳುವುದು ಚಾಡಿ. ದೊಡ್ಡ ಹುಡುಗರು ಚಿಕ್ಕವನೊಬ್ಬನನ್ನು ದಿನಾ ಹೊಡೆಯುತ್ತಿದ್ದರೆ ಅದನ್ನು ಹೇಳುವುದು ಚಾಡಿಯಲ್ಲ. ‘ಚಾಡಿಕೋರ’ ಎಂದಾರೆಂದು ಹೆದರಿ ಬಾಯಿ ಮುಚ್ಚಿಕೊಂಡರೆ ಆ ಚಿಕ್ಕವನಿಗೆ ದಿಕ್ಕು ಯಾರು?

ನಮ್ಮ ಕದರಮಂಡಲಗಿಯ ಕಾಂತೇಶನನ್ನೇ ನೆನೆಯಿರಿ. ಗುಡಿಯಲ್ಲಿ ಕೈಮುಗಿಯುವ ಆ ಹನುಮಂತ ಲಂಕೆಗೆ ಹೋದದ್ದು ಹೇಗೆ? ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಅವನು ಹೊತ್ತು ಮುಳುಗುವವರೆಗೆ ಕಾದು, ದೇಹವನ್ನು ಬೆಕ್ಕಿನಷ್ಟು ಕಿರಿದು ಮಾಡಿಕೊಂಡು ಊರೊಳಗೆ ಹೋಗುತ್ತಾನೆ. ಕದ್ದು ಹೋದ, ಕದಿಯಲು ಹೋಗಲಿಲ್ಲ. ಕಷ್ಟದಲ್ಲಿದ್ದ ಸೀತೆಯನ್ನು ಕಂಡ. ಕಂಡದ್ದನ್ನು ಬಂದು ರಾಮನಿಗೆ ಹೇಳಿದ. ಅವನನ್ನು ಚಾಡಿಕೋರ ಎಂದವರುಂಟೇ?

ಈ ವಾರದ ಕೆಲಸ: ಸದ್ದಿಲ್ಲದ ನಡಿಗೆಗೆ ನಿಮ್ಮ ಮನೆಮಾತಿನಲ್ಲಿ ಇನ್ನೆಷ್ಟು ಪದಗಳಿವೆ ಎಂದು ಅಜ್ಜ-ಅಜ್ಜಿಯನ್ನು ಕೇಳಿ ಬರೆದಿಡಿ. ಅಜ್ಜಂದಿರೇ, ನೀವೂ ಜಾರಿಕೊಳ್ಳಬೇಡಿ!